ಗುರುವಾರ ಮುಟ್ಟದ ಪಿಯಾನೋ

ಹಳೆಯ ಚರ್ಮ, ಕರ್ಪೂರ, ಸ್ವಲ್ಪ ತೆಂಗಿನೆಣ್ಣೆ, ಅದರ ಹಿಂದೆ ಮುಗ್ಗಲು ಹಿಡಿದ ಕಟ್ಟಿಗೆ. ಧಾರವಾಡದ ನಮ್ಮ ಓಣಿಯಲ್ಲಿ ಪೇಟಿ ಮಾಸ್ತರರು ತಮ್ಮ ಹಾರ್ಮೋನಿಯಮ್ಮಿನ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆ ಅದು. ನಾನಾಗ ಲಂಗ ತೊಡುವ ಹುಡುಗಿ. ಸ್ವರ ಹೊರಡುವ ಮೊದಲೇ ವಾಸನೆ ಹೊರಡುತ್ತಿದ್ದುದರಿಂದ ಸಂಗೀತವೆಂದರೆ ಮೂಗಿನಿಂದ ಕೇಳುವ ವಸ್ತು ಎಂದೇ ಬಹಳ ದಿನ ತಿಳಿದಿದ್ದೆ. ಮದುವೆಯಾಗಿ ಪುಣೆಗೆ ಬಂದ ಮೊದಲ ವಾರ, ನಮ್ಮವರು ಮಂಚದ ಕೆಳಗಿನಿಂದ ಒಂದು ಪೇಟಿಯನ್ನು ಎಳೆದು ಮುಚ್ಚಳ ತೆಗೆದರು. ಅದೇ ವಾಸನೆ. ಮರಾಠಿಯ ಒಂದು ಅಕ್ಷರವೂ ಬಾರದ ನನಗೆ ಈ ಊರಿನಲ್ಲಿ ಬದುಕಬಹುದು ಎಂಬ ಧೈರ್ಯ ಬಂದದ್ದು ಆಗ.

ನಮ್ಮವರ ಹೆಸರು ಅಂಬಾರಾಯ. ಬಾಯಲ್ಲಿ ಹೇಳುವುದಿಲ್ಲ, ಬರೆದರೆ ದೋಷವಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಅವರು ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಹೊರಗಿನಿಂದ ಬರುವ ಮಾಲನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ಸರಿಯಿಲ್ಲದ್ದನ್ನು ಹಿಂದಕ್ಕೆ ಕಳಿಸುವುದೇ ಅವರ ಉದ್ಯೋಗ. ಅವರ ಬಾಯಿಂದ ‘ಪಾಸ್’ ಎಂಬ ಮಾತು ಕೇಳಲು ಲಾರಿ ಚಾಲಕರು ಗೇಟಿನ ಹೊರಗೆ ಅಡಿಗೆ ಮಾಡಿಕೊಂಡು ಕಾಯುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ಪ್ರತಿಭೆಯೆಲ್ಲ ಮನೆಯೊಳಕ್ಕೆ ಹರಿಯಿತು. ಒಂದು ಕುಕ್ಕರ್ ಆರಿಸಲು ಒಂದು ಬೇಸಿಗೆ ಹಿಡಿಯಿತು. ನನ್ನನ್ನು ನೋಡಲು ಬಂದಾಗ ಅವರಿನ್ನೂ ನೌಕರಿಗೆ ಸೇರಿರಲಿಲ್ಲ ಎಂಬುದು ನನ್ನ ಪುಣ್ಯ.

ದೇಹೂ ರೋಡ್ ಬಳಿಯ ನಮ್ಮ ಸೊಸೈಟಿಯಲ್ಲಿ ಪ್ರತಿ ಗುರುವಾರ ಸಂಜೆ ಭಜನೆ. ಎದುರು ಕಟ್ಟಡದ ಮೇಲಿನ ಮಹಡಿಯ ರಂಗೂಬಾಯಿ ಹಾಡುತ್ತಾರೆ. ವಯಸ್ಸಿನಲ್ಲಿ ನಮಗಿಂತ ದೊಡ್ಡವರು. ದನಿ ಮಾತ್ರ ಇನ್ನೂ ನೆಟ್ಟಗೆ ನಿಲ್ಲುತ್ತದೆ. ಅವರ ಎಡಗಡೆ, ಚಾಪೆಯ ತುದಿಯಲ್ಲಿ, ಪೇಟಿಯ ಮುಂದೆ ನಮ್ಮವರು. ನಮ್ಮವರಿಗೆ ಪೆನ್ಶನ್ ಇದೆ, ಮನೆ ಇದೆ, ನಾನಿದ್ದೇನೆ. ಆದರೆ ಅವರು ತಮ್ಮದು ಎಂದುಕೊಂಡದ್ದು ಆ ಚಾಪೆಯ ತುದಿಯನ್ನು.

ಸಂಕ್ರಾಂತಿಯ ಹೊತ್ತಿಗೆ ಅವರ ಎಡಭುಜ ಸೆಟೆದುಕೊಂಡಿತು. ಪೇಟಿಯನ್ನು ಬಲ್ಲವರಿಗೆ ಇದರ ಕಷ್ಟ ಗೊತ್ತು: ಬಲಗೈ ಪಟ್ಟಿಗಳ ಮೇಲೆ ಓಡಿ ಹೆಸರು ಗಳಿಸುತ್ತದೆ, ಎಡಗೈ ಹಿಂದಿನ ತಿದಿಯನ್ನು ಒತ್ತಿ ಗಾಳಿ ಹಾಕುತ್ತ ಕೂಡುತ್ತದೆ. ಗಾಳಿ ನಿಂತರೆ ಹೆಸರೂ ನಿಂತಿತು. ಡಾಕ್ಟರು, ಭಾರ ಹಾಕದೆ ತೋಳನ್ನು ದಿನವೂ ಹಿಂದೆ ಮುಂದೆ ಆಡಿಸಿ, ಗಡಿಯಾರದ ಲೋಲಕದ ಹಾಗೆ, ಎಂದರು. ನಮ್ಮವರು ಒಂದು ದಿನ ಆಡಿಸಿ, “ನಾ ಏನ್ ಗಡಿಯಾರ ಅದೀನೇನು?” ಎಂದು ಬಿಟ್ಟುಬಿಟ್ಟರು.

ಒಂದು ಗುರುವಾರ ರಂಗೂಬಾಯಿ ಉದ್ದನೆಯ ಸ್ವರ ಹಿಡಿದು ನಿಂತಾಗ ಪೇಟಿಯ ಗಾಳಿ ನಡುವೆಯೇ ತೀರಿತು. ಸ್ವರ ಒಂದು ಕ್ಷಣ ಒಂಟಿಯಾಯಿತು. ಮುಂದಿನ ಅಭಂಗದಲ್ಲಿ ಅದೇ ತರಹದ ಜಾಗ ಬಂದಾಗ ರಂಗೂಬಾಯಿ ಕೆಮ್ಮು ಬಂದವರಂತೆ ಸ್ವರವನ್ನು ಮೊಟಕು ಮಾಡಿ ನೀರು ಕುಡಿದರು. ಅವರಿಗೆ ಕೆಮ್ಮು ಇರಲಿಲ್ಲ. ಇದನ್ನು ಗಮನಿಸಿದವರು ಇಬ್ಬರೇ, ನಾನು ಮತ್ತು ನಮ್ಮವರು. ಅಂದು ಮನೆಯ ಮೆಟ್ಟಿಲು ಹತ್ತುವಾಗ ಅವರು ಗಂಭೀರವಾಗಿ ಘೋಷಿಸಿದರು:

“ಪೇಟಿ ಜಮಾನಾ ಮುಗೀತು. ಇನ್ನ ಸ್ಟೇಜ್ ಪಿಯಾನೋ. ಅದಕ್ಕ ಗಾಳಿ ಬೇಕಾಗಿಲ್ಲ.”

ಭುಜದ ಸುದ್ದಿ ಹೊರಗೆ ಹೋಗಕೂಡದು ಎಂದು ನನಗೆ ಆಣೆ. ಪಿಯಾನೋ ಸುದ್ದಿಯೂ ಹೋಗಕೂಡದು. ಪಾಸಾಗದ ಮಾಲನ್ನು ಅವರು ಎಂದೂ ಜನರ ಕಣ್ಣಿಗೆ ಬೀಳಿಸಿದವರಲ್ಲ. ಭಜನಾ ಮಂಡಳಿಯವರಿಗೆ ಮಾತ್ರ, ಸ್ವಲ್ಪ ವೈಯಕ್ತಿಕ ಕೆಲಸವಿದೆ, ಕೆಲವು ವಾರ ಬರಲಾಗುವುದಿಲ್ಲ ಎಂದು ಹೇಳಿ ಬಂದರು. ಎಂದೂ ಒಂದು ಗುರುವಾರ ತಪ್ಪಿಸದ ಮನುಷ್ಯ ಹೀಗೆ ಹೇಳಿದರೆ ಜನ ಏನೆಂದುಕೊಂಡಾರು ಎಂಬುದನ್ನು ಪರೀಕ್ಷಿಸುವುದು ಅವರ ಇಲಾಖೆಗೆ ಸೇರಿರಲಿಲ್ಲ.

ಪುಣೆಯ ಕ್ಯಾಂಪ್ ಪೇಟೆಯ ವಾದ್ಯದ ಅಂಗಡಿಯಲ್ಲಿ ಒಂದು ಇಡೀ ಮಧ್ಯಾಹ್ನ ಕಳೆದೆವು. ಅಂಗಡಿಯ ಹುಡುಗ ನನಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿ, ಕೇಳದೆಯೇ ನೀರು ತಂದಿಟ್ಟು, ಆಮೇಲೆ ಪಿಯಾನೋದ ಗುಣಗಾನಕ್ಕೆ ತೊಡಗಿದ. ನಿಜ ಹೇಳಬೇಕೆಂದರೆ ವಸ್ತು ಹೊಗಳಿಕೆಗೆ ಯೋಗ್ಯವೇ. ಎಂಬತ್ತೆಂಟು ಪಟ್ಟಿಗಳು. ಹಗುರಾಗಿ ಒತ್ತಿದರೆ ಹಗುರ ದನಿ, ಜೋರಾಗಿ ಒತ್ತಿದರೆ ಜೋರು ದನಿ. ಮನುಷ್ಯರಲ್ಲಿ ಎಷ್ಟು ಮಂದಿಗೆ ಈ ಗುಣವಿದೆ? ಹಾಡುವವರಿಗೆ ನೆಗಡಿಯಾಗಿ ದನಿ ಇಳಿದರೆ ಒಂದು ಗುಂಡಿ ಒತ್ತಿ ಶ್ರುತಿಯನ್ನೂ ಇಳಿಸಬಹುದು. ಬೇಕೆಂದರೆ ತಂತಿವಾದ್ಯದ ಹಾಗೆ, ಬೇಕೆಂದರೆ ಆರ್ಗನ್ನಿನ ಹಾಗೆ ಹಾಡುತ್ತದೆ. ನಮ್ಮವರು ಎಲ್ಲ ಕೇಳಿ ಜೇಬಿನಿಂದ ಗೌಂಡಿಗಳ ರಸಮಟ್ಟ ತೆಗೆದು ಪಟ್ಟಿಗಳ ಮೇಲಿಟ್ಟು ಸಮತಟ್ಟಾಗಿವೆಯೇ ಎಂದು ನೋಡಿದರು. ಆಮೇಲೆ ಬ್ಯಾಟರಿಯ ಬೆಳಕು ಬಿಟ್ಟು ಸಂದುಗಳಲ್ಲಿ ಇಣುಕಿದರು.

“ಎಂಬತ್ತೆಂಟರಾಗ ನಾ ಬಾರಿಸೂದು ನಟ್ಟನಡುವಿನ ಎರಡು ಗೇಣು,” ಎಂದರು. “ಉಳಿದದ್ದು ಯಾರಿಗೆ?”

“ಮನ್ಯಾಗ ಇಬ್ಬರೇ ಇದ್ರೂ ಹಾಸಿಗಿ ಎಂಟು ಇಟ್ಟಿಲ್ಲೇನ್ರಿ? ಬಂದು ಹೋಗೋರಿಗೆ,” ಎಂದೆ. ಈ ತರ್ಕ ಅವರಿಗೆ ಹಿಡಿಸಿತು.

ಆಮೇಲೆ ಹುಡುಗ ಸ್ವಲ್ಪ ದನಿ ತಗ್ಗಿಸಿ ನ್ಯೂನತೆಗಳನ್ನು ಹೇಳಿದ. ಇದು ವೇದಿಕೆಗೆಂದು ಮಾಡಿದ್ದು. ಒಳಗೆ ಸ್ಪೀಕರ್ ಇಲ್ಲ, ಹೊರಗಿನಿಂದ ಜೋಡಿಸಬೇಕು, ಇಲ್ಲವೇ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಬೇಕು. ಕಾಲುಗಳಿಲ್ಲ, ಸ್ಟ್ಯಾಂಡು ಬೇರೆ. ಎತ್ತಲು ಇಬ್ಬರು ಬೇಕು. ತಾನಾಗಿ ಬಾಯಿ ಬಿಡುವುದಿಲ್ಲ, ಕೂಡಲು ಬೇರೆ ಪೀಠ ಕೇಳುತ್ತದೆ, ಇಬ್ಬರು ಹಿಡಿದು ಕರೆತರಬೇಕು. ನನಗೆ ಮದುವೆ ಮಂಟಪದ ಅಳಿಯನ ನೆನಪಾಯಿತು. ನಾನು ಕಂಡ ನ್ಯೂನತೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ: ಅದಕ್ಕೆ ಯಾವ ವಾಸನೆಯೂ ಇರಲಿಲ್ಲ.

ಹುಡುಗ ತನ್ನ ವ್ಯಾಪಾರಕ್ಕೆ ತಾನೇ ಅಡ್ಡ ನಿಂತು, “ಕಾಕಾ, ಯಾರದ್ದಾದರೂ ತಂದು ಮನೆಯಲ್ಲಿ ಬಳಸಿ ನೋಡಿ, ಆಮೇಲೆ ಕೊಳ್ಳಿ” ಎಂದ. ಅಂಥ ಅಂಗಡಿಯವನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ವಿಮಾನ ನಗರದಲ್ಲಿ ನಮಗೆ ಹಳೆಯ ಪರಿಚಯದ ಲೀಲಾಕ್ಷಿಯವರ ಹೋಟೆಲಿದೆ. ಕುಂದಾಪುರದ ಕಡೆಯವರು. ಅವರ ಮೊಮ್ಮಗಳು ಪ್ರಣೀತಾ ಶನಿವಾರ ಭಾನುವಾರ ಅಲ್ಲಿ ಊಟ ಮಾಡುವವರಿಗಾಗಿ ಪಿಯಾನೋ ನುಡಿಸುತ್ತಾಳೆ. ಅವಳು ಇನ್ನೊಂದು ದೊಡ್ಡದನ್ನು ತರಿಸಿಕೊಂಡು, ಹಳೆಯ ಸ್ಟೇಜ್ ಪಿಯಾನೋವನ್ನು ಮಾರುವ ಯೋಚನೆಯಲ್ಲಿದ್ದಳು. ನಮ್ಮವರು ರಸಮಟ್ಟ ಹೊರಗೆ ತೆಗೆಯುವ ಮೊದಲೇ ಅವಳು, “ಅಂಕಲ್, ನಾನು ಅಕ್ಕನ ಮದುವೆಗೆ ಒಂದು ತಿಂಗಳು ಊರಿಗೆ ಹೋಗ್ತಿದ್ದೇನೆ. ಬರೋವರೆಗೆ ನಿಮ್ಮಲ್ಲೇ ಇಟ್ಕೊಳ್ಳಿ. ಬೇಡ ಅನ್ನಿಸಿದ್ರೆ ವಾಪಸ್ ಕೊಡಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ” ಎಂದಳು.

ಲೀಲಾಕ್ಷಿಯವರು ಗಲ್ಲಾದ ಹಿಂದಿನಿಂದ, “ಕೊಂಡುಹೋಗಿ ಮಾರಾಯ್ರೆ. ಇಲ್ಲಿದ್ರೆ ಅದ್ರ ಮೇಲೆ ಈರುಳ್ಳಿ ಚೀಲ ಇಡ್ತಾರೆ” ಎಂದರು.

ಹೀಗೆ ಒಂದು ಮಧ್ಯಾಹ್ನ ಹೋಟೆಲಿನ ಟೆಂಪೋದಲ್ಲಿ, ಉದ್ದನೆಯ ಕಪ್ಪು ಚೀಲದೊಳಗೆ, ಪಿಯಾನೋ ನಮ್ಮ ಮನೆಗೆ ಬಂತು. ಇಬ್ಬರು ಹೊತ್ತು ಮೆಟ್ಟಿಲೇರಿಸಿದರು. ಏನದು ಎಂದು ವಾಚ್‌ಮನ್ ಕೇಳಿದ್ದಕ್ಕೆ ನಮ್ಮವರು “ವೈಯಕ್ತಿಕ” ಎಂದರು.

ನಮ್ಮ ಕೆಳಗಿನ ಮನೆ ಅವಧೂತನದು. ಸೊಸೈಟಿಯ ಕಾರ್ಯದರ್ಶಿ. ಯಾವ ಸುದ್ದಿ ಕೊಟ್ಟರೂ ಅದರಿಂದ ಕೆಟ್ಟದ್ದನ್ನೇ ಊಹಿಸುತ್ತಾನೆ. ಆದರೆ ಊಹಿಸಿದ ಕೂಡಲೇ ಚಪ್ಪಲಿ ಹಾಕಿಕೊಂಡು ಸಹಾಯಕ್ಕೆ ಹೊರಡುತ್ತಾನೆ. ಆಳುದ್ದದ ಚೀಲ, ಇಬ್ಬರು ಹೊತ್ತದ್ದು, ವೈಯಕ್ತಿಕ, ಭಜನೆಗೆ ಕಾಕಾ ಬರುತ್ತಿಲ್ಲ. ಇಷ್ಟನ್ನು ಕೂಡಿಸಿ ಅವನು ಅದು ರೋಗಿಗಳ ಮಡಿಸುವ ಮಂಚ ಎಂದು ಕಂಡುಹಿಡಿದ.

ಇತ್ತ ನಮ್ಮವರು ಸ್ಟ್ಯಾಂಡನ್ನು ತಿರಸ್ಕರಿಸಿದರು. ಜನ್ಮವಿಡೀ ನೆಲದ ಮೇಲೆ ಕೂತು ನುಡಿಸಿದವರು. ಊಟದ ಎರಡು ಮಣೆಗಳನ್ನು ಹಾಕಿ, ಅದರ ಮೇಲೆ ಪಿಯಾನೋ ಇಟ್ಟು, ಕಿಟಕಿಯ ಬಳಿ ಪದ್ಮಾಸನ ಹಾಕಿ, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ಶುರುಮಾಡಿದರು.

ಮನೆಯಲ್ಲಿ ಒಂದು ಸ್ವರವೂ ಕೇಳಲಿಲ್ಲ. ಕೇಳಿದ್ದು ಟಪ್, ಟಪ್, ಟಪ್ ಮಾತ್ರ. ಪಟ್ಟಿಗಳು ತೂಕದವು, ಮಣೆಗೆ ಬಡಿದು, ಮಣೆ ನೆಲಕ್ಕೆ ಬಡಿದು, ನೆಲ ಅವಧೂತನ ತಲೆಗೆ ಬಡಿಯುತ್ತಿತ್ತು. ನಾನು ಅಡಿಗೆಮನೆಯಿಂದ ಇಣುಕಿದೆ. ಅಲ್ಲಿ ಕಂಡದ್ದನ್ನು ಮರೆಯುವಂತಿಲ್ಲ. ಬಲಗೈ ಪಟ್ಟಿಗಳ ಮೇಲಿತ್ತು. ಕೆಲಸವಿಲ್ಲದ ಎಡಗೈ ಮಾತ್ರ ಸುಮ್ಮನೆ ಕೂತಿರಲಿಲ್ಲ. ಅದು ಇಲ್ಲದ ಪೇಟಿಯ ಇಲ್ಲದ ತಿದಿಯನ್ನು ಹಿಡಿದು, ಮೊಣಕೈ ಹಿಂದೆ ಮುಂದೆ, ಹಿಂದೆ ಮುಂದೆ, ಶೂನ್ಯದಲ್ಲಿ ಗಾಳಿ ಹಾಕುತ್ತಿತ್ತು. ಜೋರು ಜಾಗ ಬಂದರೆ ಜೋರಾಗಿ, ಉದ್ದನೆಯ ಸ್ವರಕ್ಕೆ ಉದ್ದಕ್ಕೆ. ಅವರಿಗೆ ಅದರ ಅರಿವೇ ಇರಲಿಲ್ಲ.

ಮೊದಲು ನಗು ಬಂತು, ಸೆರಗು ಕಚ್ಚಿಕೊಂಡೆ. ಆಮೇಲೆ ಡಾಕ್ಟರರ ಮಾತು ನೆನಪಾಯಿತು: ಭಾರ ಹಾಕದೆ, ಹಿಂದೆ ಮುಂದೆ, ದಿನವೂ. ಹೇಳಿದರೆ ನಾಚಿಕೊಂಡು ಕೈಯನ್ನು ತೊಡೆಯ ಮೇಲೆ ಕಟ್ಟಿಹಾಕುವ ಮನುಷ್ಯ ಇವರು. ನಾನು ಹಿಂದಕ್ಕೆ ಸರಿದು ಹುಳಿಗೆ ಒಗ್ಗರಣೆ ಹಾಕಿದೆ.

ದಿನವೂ ಎರಡು ಹೊತ್ತು ಪರೀಕ್ಷೆ ನಡೆಯಿತು. ಗುರುವಾರ ಮಾತ್ರ ಅವರು ಪಿಯಾನೋ ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, “ಗುರುವಾರ ಪೇಟೀದು. ಅವತ್ತ ಇನ್ನೊಂದರ ಮುಂದ ಕೂತ್ರ ಛಲೋ ಕಾಣೂದಿಲ್ಲ” ಎಂದರು. ಮಂಚದ ಕೆಳಗಿನ ಪೇಟಿ ಕೇಳಿಸಿಕೊಳ್ಳುವುದೇನೋ ಎಂಬಂತೆ ದನಿ ತಗ್ಗಿಸಿಯೇ ಹೇಳಿದರು. ನಾನು ಅದನ್ನು ಮೆಚ್ಚಿಕೊಂಡೆ. ಮುಂದೆ ಅದೇ ತೊಂದರೆ ತರುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಎದುರು ಕಟ್ಟಡದ ರಂಗೂಬಾಯಿಯ ಅಡಿಗೆಮನೆಯ ಕಿಟಕಿ ನಮ್ಮದಕ್ಕಿಂತ ಎತ್ತರದಲ್ಲಿದೆ. ಅಲ್ಲಿಂದ ಪಿಯಾನೋ ಕಾಣುವುದಿಲ್ಲ, ನಮ್ಮ ಕಿಟಕಿಯ ಕೆಳಗಿನ ಗೋಡೆ ಅಡ್ಡ. ಕಾಣುವುದು ನಮ್ಮವರ ತಲೆ, ಕಿವಿಗೆ ಕಟ್ಟಿದ ಕಪ್ಪು ಪಟ್ಟಿ, ಮುಚ್ಚಿದ ಕಣ್ಣು, ಅರ್ಧ ತೆರೆದ ಬಾಯಿ ಮತ್ತು ತಾನಾಗಿ ಅಲುಗಾಡುವ ಎಡಗೈ. ಮೇಲಿನಿಂದ ನೋಡಿದ ರಂಗೂಬಾಯಿ, ಕೆಳಗಿನಿಂದ ಕೇಳಿದ ಅವಧೂತ, ಇಬ್ಬರೂ ತರಕಾರಿ ಗಾಡಿಯ ಬಳಿ ಭೇಟಿಯಾದರು. ಟೊಮೆಟೊ ತೂಕವಾಗುವಷ್ಟರಲ್ಲಿ ನಮ್ಮವರಿಗೆ ಪಕ್ಷವಾತವಾಗಿತ್ತು.

ಅಂದಿನಿಂದ ಸೊಸೈಟಿಯ ಗಾಳಿಯೇ ಬದಲಾಯಿತು. ನಮ್ಮ ಕಿಟಕಿಯ ಕೆಳಗೆ ಕ್ರಿಕೆಟ್ ಆಡುತ್ತಿದ್ದ ಮಕ್ಕಳು ಗೇಟಿನ ಕಡೆ ಸರಿದರು. ಹಾಲಿನವನು ಗಂಟೆ ಒತ್ತದೆ ಬಾಗಿಲಿಗೆ ಚೀಲ ತೂಗುಹಾಕಿ ಹೋದ. ಮೆಟ್ಟಿಲ ತಿರುವಿನಲ್ಲಿ ಯಾರೋ ಒಂದು ಕುರ್ಚಿ ತಂದಿಟ್ಟರು, ಮೇಲೆ ಒಂದು ದಿಂಬು. ನಮ್ಮವರು ಪೇಟೆಗೆ ಇಳಿದರೆ ಜನ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು.

ನಮ್ಮವರು ಇದನ್ನೆಲ್ಲ ಕಲೆಗೆ ಸಿಕ್ಕ ಗೌರವ ಎಂದು ತಿಳಿದರು. “ನೋಡು, ನಾ ಒಂದು ಮಾತು ಆಡಿಲ್ಲ. ಆದ್ರೂ ಹೆಂಗೋ ಗೊತ್ತಾಗೇದ. ಎಷ್ಟು ಮುಚ್ಚಿಟ್ರೂ ಕಲಾ ಮುಚ್ಚಿರೂದಿಲ್ಲ.”

ಎರಡು ಮೂರು ದಿನಕ್ಕೊಮ್ಮೆ ರಂಗೂಬಾಯಿಯಿಂದ ಸ್ಟೀಲಿನ ಡಬ್ಬಿ ಬರತೊಡಗಿತು. ಒಳಗೆ ಮುದ್ದೆಯಾಗುವಷ್ಟು ಬೆಂದ ಅನ್ನ, ಉಪ್ಪು ಖಾರ ಕಂಡೂ ಕಾಣದ ತೊವ್ವೆ, ಒಂದು ಹೋಳು ನಿಂಬೆ. ಅಪ್ಪಟ ಕಾಯಿಲೆಯವರ ಊಟ. ನಮ್ಮವರು ತುಂಬ ಭಕ್ತಿಯಿಂದ ಉಂಡರು.

“ರಂಗೂಬಾಯಿಗೆ ಭಾಳ ತಿಳೀತದ. ಹೊಟ್ಟಿ ಹಗುರಿದ್ರ ಬೆರಳು ಓಡ್ತಾವ. ದೊಡ್ಡ ಕಲಾವಿದ್ರು ಹಿಂಗ ಉಣ್ತಾರಂತ,” ಎಂದು ಬಟ್ಟಲನ್ನೂ ತೊಳೆದಿಟ್ಟರು.

ಡಬ್ಬಿ ಹಿಂದಿರುಗಿಸಲು ಹೋದಾಗ ರಂಗೂಬಾಯಿ ನನ್ನನ್ನು ಬಾಗಿಲಲ್ಲೇ ಹಿಡಿದರು. ಅವರಿಗೆ ನಾನು ವಹಿನಿ, ಅಂದರೆ ಅತ್ತಿಗೆ; ಮಾತು ಮರಾಠಿ, ಅರ್ಥ ಇಷ್ಟು.

“ವಹಿನಿ, ಆ ಎಡಗೈ ತಾನಾಗಿ ಆಡುತ್ತದಲ್ಲವೇ?”

“ಹೌದು, ತಾನಾಗಿಯೇ.”

“ಅವರಿಗೆ ಗೊತ್ತಾಗುವುದಿಲ್ಲವೇ?”

“ಇಲ್ಲ.”

“ಹೇಳಬೇಡಿ,” ಎಂದು ಅವರು ಕಣ್ಣೊರೆಸಿಕೊಂಡರು.

“ಇಲ್ಲ, ಹೇಳುವುದಿಲ್ಲ,” ಎಂದೆ.

ನಾನು ಒಂದಾದರೂ ಸುಳ್ಳಾಡಿದೆನೇ? ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು ನಾನು. ಈ ಉತ್ತರಗಳಿಗೆ ಪೂರ್ತಿ ಅಂಕ ಸಿಗುತ್ತಿತ್ತು.

ಆದರೆ ತಿಂಗಳು ತುಂಬುತ್ತ ಬಂದಾಗ ವಿಷಯ ಕೈಮೀರಿತು. ನಮ್ಮವರು ಒಂದು ಬೆಳಿಗ್ಗೆ ಅವಧೂತನನ್ನು ಬಾಗಿಲ ಹೊರಗೆ ಕರೆಸಿ, ಬರುವ ಗುರುವಾರ ಮಂಡಳಿಯ ಮುಂದೆ ತಾವು ಒಂದನ್ನು ಅರ್ಪಿಸುವುದಿದೆ, ಗಣಪತಿ ಹಬ್ಬದ ಸ್ಪೀಕರ್ ಹೊರಗೆ ತೆಗೆಸಬೇಕು ಎಂದರು. ಅವಧೂತ ತಲೆಯಾಡಿಸಿದ. ಕಾಕಾ ವಿದಾಯದ ಭಾಷಣ ಮಾಡಲಿದ್ದಾರೆ ಎಂದು ಅವನು ಊಹಿಸಿದ.

ಬುಧವಾರ ಸಂಜೆ ಅವನು ಎರಡು ಶಾಲು ಹಿಡಿದು ನಮ್ಮ ಬಾಗಿಲಿಗೆ ಬಂದು ಪಿಸುಮಾತಿನಲ್ಲಿ ಹೇಳಿದ. ನಾಳೆ ಎಲ್ಲರೂ ಸೇರಿ ಕಾಕಾಗೆ ಶಾಲು ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡುತ್ತಾರೆ. ಕಾಕಾ ಇನ್ನು ಚಿಂತೆ ಮಾಡಬೇಕಿಲ್ಲ, ಬ್ಯಾಂಕಿನ ವಿನೀತ ನಾಲ್ಕು ವಾರದಿಂದ ಪೇಟಿ ನುಡಿಸುತ್ತಿದ್ದಾನೆ, ಇನ್ನು ಮುಂದೆ ಖಾಯಂ ಅವನೇ ಕೂಡುತ್ತಾನೆ. “ಕಾಕೂ, ಕಾಕಾಗೆ ಯಾವ ಶಾಲು ಒಪ್ಪುತ್ತದೆ?”

ಭುಜವನ್ನು ಉಳಿಸಲು ಹೋಗಿ ಚಾಪೆಯ ತುದಿಯನ್ನು ಕಳೆದಿದ್ದೆ. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಗ ಒಳಗೆ ಟಪ್ ಟಪ್ ನಿಂತಿತು. ನಮ್ಮವರು ಎದ್ದು, ಹೆಡ್‌ಫೋನ್ ತೆಗೆದು, ಅದನ್ನು ಕಪಾಟಿನ ಮೇಲಿನ ಮೊಳೆಗೆ ಸಿಕ್ಕಿಸಿದರು. ಎಡಗೈಯಿಂದ. ಸಂಕ್ರಾಂತಿಯ ನಂತರ ಅಂಗಿ ತೊಡಲೂ ಮೇಲೇಳದ ಕೈ ಅದು. ಅವರಿಗೆ ಅದೂ ಗೊತ್ತಾಗಲಿಲ್ಲ.

ತೆರೆದ ಬಾಯಿಯನ್ನು ಏನಾದರೂ ಹೇಳಿ ಮುಚ್ಚಬೇಕಲ್ಲ. “ಹಸಿರು ಇರಲಿ ಅವಧೂತ,” ಎಂದೆ. “ಉದ್ದಕ್ಕಿರುವುದು.”

ಗುರುವಾರ ಸಭಾಗೃಹ ಕಿಕ್ಕಿರಿದಿತ್ತು. ಭಜನೆಗೆ ಎಂದೂ ಬಾರದವರು ಮುಂದಿನ ಸಾಲಿನಲ್ಲಿ ಕರವಸ್ತ್ರ ಹಿಡಿದು ಕೂತಿದ್ದರು. ಉದ್ದನೆಯ ಕಪ್ಪು ಚೀಲ ಒಳಗೆ ಬಂತು. ರೋಗಿ ಮಂಚವನ್ನು ಹೊರಿಸಿ ತಾನು ಅದರ ಹಿಂದೆ ನಡೆದುಕೊಂಡು ಬಂದದ್ದನ್ನು ನೋಡಿ ಜನ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮವರು ಮಣೆ ಹಾಕಿ, ಚೀಲದ ಜಿಪ್ ಎಳೆದು, ಪಿಯಾನೋವನ್ನು ಅದರ ಮೇಲಿಟ್ಟು, ಸ್ಪೀಕರಿಗೆ ತಂತಿ ಜೋಡಿಸಿ, ಒಂದು ನಮಸ್ಕಾರ ಹಾಕಿ, ಗುಂಡಿ ಒತ್ತಿದರು.

ದೀಪ ಹತ್ತಲಿಲ್ಲ. ಮತ್ತೆ ಒತ್ತಿದರು. ಅವಧೂತ ಸ್ಪೀಕರನ್ನು ತಟ್ಟಿದ. ಹಿಂದಿನಿಂದ ಯಾರೋ ಮೆಲ್ಲಗೆ, “ಗುರುವಾರ” ಎಂದರು.

ಪುಣೆಯಲ್ಲಿ ಗುರುವಾರ ರಿಪೇರಿಗೆಂದು ಕರೆಂಟು ತೆಗೆಯುತ್ತಾರೆಂದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಬೆಳಿಗ್ಗೆ ಹೋದದ್ದು ಸಂಜೆ ಯಾವಾಗಲೋ ಬರುತ್ತದೆ. ನಮ್ಮ ಭಜನೆಗೆ ಕರೆಂಟೇ ಬೇಕಿರಲಿಲ್ಲ. ಇದೆಯೋ ಇಲ್ಲವೋ ಎಂದು ಇಷ್ಟು ವರ್ಷ ಯಾರೂ ತಲೆಯೆತ್ತಿ ನೋಡಿರಲಿಲ್ಲ. ನಮ್ಮವರು ಪಿಯಾನೋವನ್ನು ವಾರದ ಆರು ದಿನ ಪರೀಕ್ಷಿಸಿದ್ದರು, ಏಳನೆಯ ದಿನ ಅದರ ಮುಂದೆ ಕೂತಿರಲೇ ಇಲ್ಲ.

ಏನು ಮಾಡಬೇಕೆಂದು ತೋಚದೆ ಅವರು ಕಣ್ಣು ಮುಚ್ಚಿ ಮೂಕ ಪಟ್ಟಿಗಳನ್ನೇ ಒತ್ತತೊಡಗಿದರು. ಟಪ್, ಟಪ್, ಟಪ್. ಎಡ ಮೊಣಕೈ ಹಿಂದೆ ಮುಂದೆ ಹೊರಟಿತು. ಆ ಸದ್ದು ಕೇಳಿ ಅವಧೂತ ಮೇಲೆ ಮಾಳಿಗೆಯನ್ನು ನೋಡಿದ, ಕೆಳಗೆ ಪಿಯಾನೋವನ್ನು ನೋಡಿದ. ರಂಗೂಬಾಯಿ ನನ್ನ ಕಡೆ ಬಾಗಿದರು.

“ವಹಿನಿ, ಇದೇನಾ?”

“ಇದೇ.”

“ಪಕ್ಷವಾತ ಅಲ್ಲವಾ?”

“ಅಲ್ಲ. ಪೇಟಿ.”

ಅವರು ಇನ್ನೊಮ್ಮೆ ಆ ಮೊಣಕೈಯನ್ನು ನೋಡಿದರು. ಆಮೇಲೆ ಸೆರಗು ಬಾಯಿಗೆ ಹೋಯಿತು, ಹೆಗಲು ಕುಲುಕಿತು. ಆದರೆ ಅವರು ನಗು ನುಂಗಿ ಮಾಡಿದ ಮೊದಲ ಕೆಲಸವೆಂದರೆ ವಿನೀತನ ಕಡೆ ಒಮ್ಮೆ ನೋಡಿದ್ದು. ವಿನೀತ ಜಾಣ ಹುಡುಗ. ಮಂಡಳಿಯ ಪೇಟಿಯ ಮುಂದೆ ಆಗತಾನೇ ಕೂತಿದ್ದವನು ಎದ್ದು, “ಕಾಕಾ, ನನ್ನ ಕಾಲು ಜೋಮು ಹಿಡಿದಿದೆ, ಸ್ವಲ್ಪ ಹೊತ್ತು ನೀವು ಕೂಡಿ” ಎಂದು ಚಾಪೆಯ ತುದಿಯನ್ನು ಕೈಯಿಂದ ಒರೆಸಿ ಸರಿಪಡಿಸಿದ.

ನಮ್ಮವರು ನನ್ನ ಮುಖ ನೋಡಿದರು. ಭುಜದ ಭಯ ಅವರ ಕಣ್ಣಲ್ಲಿ ಕಾಣುತ್ತಿತ್ತು. ಜನ ಕಾದಿದ್ದರು. ಹೋಗಿ ಕೂತರು. ಮುಚ್ಚಳ ತೆಗೆದಾಗ ಮೂರನೆಯ ಸಾಲಿನಲ್ಲಿದ್ದ ನನಗೂ ಆ ವಾಸನೆ ಬಂತು. ರಂಗೂಬಾಯಿ ಶುರುಮಾಡಿದರು. ಮೊದಲ ಎರಡು ಸಾಲು ಕಾಲಿನಿಂದ ನೀರು ಪರೀಕ್ಷಿಸಿ ಇಳಿಯುವವರಂತೆ ಚಿಕ್ಕ ಚಿಕ್ಕ ಸ್ವರ. ಪೇಟಿ ಹಿಂದೆ ಬೀಳಲಿಲ್ಲ. ಆಮೇಲೆ ಆ ಉದ್ದನೆಯ ಜಾಗ ಬಂತು. ರಂಗೂಬಾಯಿ ಕೆಮ್ಮಲಿಲ್ಲ, ನೀರಿನ ಲೋಟವನ್ನು ನೋಡಲಿಲ್ಲ. ಸ್ವರವನ್ನು ಬಿಟ್ಟರು, ಅದು ಹೋಯಿತು, ಹೋಯಿತು, ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ಪೇಟಿಯೂ ಜೊತೆಗೆ ನಡೆಯಿತು. ಇಬ್ಬರೂ ಒಟ್ಟಿಗೆ ನಿಂತರು.

ಫ್ಯಾನಿಲ್ಲದ ಸೆಕೆ. ಅಭಂಗ ಮುಗಿದಾಗ ನಮ್ಮವರು ಎಡಗೈ ಎತ್ತಿ ಹಣೆಯ ಬೆವರು ಒರೆಸಿಕೊಂಡರು. ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. ಅದನ್ನು ಕೆಳಗಿಳಿಸಿ ನೋಡಿದರು, ಮತ್ತೆ ಮೇಲೆತ್ತಿ ನೋಡಿದರು, ಹೊರಗಿನಿಂದ ಬಂದ ಮಾಲನ್ನು ನೋಡುವಂತೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಛಾವಣಿಯ ಫ್ಯಾನನ್ನು ಗಮನವಿಟ್ಟು ನೋಡುತ್ತಿದ್ದೆ.

ಆರತಿಯ ಹೊತ್ತಿಗೆ ಕರೆಂಟು ಬಂತು. ಫ್ಯಾನು ತಿರುಗಿತು, ಸ್ಪೀಕರ್ ಗುಂಯ್ ಎಂದಿತು. ಜನ ಪ್ರಸಾದಕ್ಕೆ ಏಳುವವರಿದ್ದರು. ನಮ್ಮವರು ಪಿಯಾನೋದ ಮುಂದೆ ಕೂತು ಅದೇ ಅಭಂಗದ ಮೊದಲ ಸಾಲನ್ನು ನುಡಿಸಿದರು. ನಾನು ಒಂದು ತಿಂಗಳಿಂದ ಅದರ ಜೊತೆ ಒಂದೇ ಮನೆಯಲ್ಲಿದ್ದರೂ ದನಿ ಕೇಳಿದ್ದು ಅಂದೇ. ತುಂಬಿದ ಹಂಡೆಯಲ್ಲಿ ಬೆಳ್ಳಿಯ ಬಟ್ಟಲು ಮೆಲ್ಲಗೆ ಮುಳುಗಿದಂತೆ ದುಂಡನೆಯ ದನಿ. ಎದ್ದವರು ಕೂತರು. ಪ್ರಸಾದ ಕೈಯಲ್ಲೇ ಉಳಿಯಿತು.

“ಇಷ್ಟು ಚೆಂದದ್ದನ್ನು ಮೂಗಿಯ ಹಾಗೆ ಮನೆಯಲ್ಲಿಟ್ಟಿದ್ದಿರಲ್ಲ,” ಎಂದು ರಂಗೂಬಾಯಿ ಗದರಿದರು. ಬಳಿಕ ಶಾಲಿನ ಪ್ರಶ್ನೆ ಎದ್ದಿತು. ತಂದದ್ದನ್ನು ಹಿಂದಕ್ಕೆ ಒಯ್ಯುವಂತಿಲ್ಲ, ವಿದಾಯ ಹೇಳುವಂತಿಲ್ಲ. ಅವಧೂತ ಅದನ್ನು ಬಿಚ್ಚಿ ಪಿಯಾನೋದ ಮೇಲೆ ಹೊದಿಸಿದ. ತುದಿಯಿಂದ ತುದಿಗೆ ಅಳತೆ ಸರಿಹೋಯಿತು.

ಭಾನುವಾರ ಪ್ರಣೀತಾ ಊರಿನಿಂದ ಬಂದವಳೇ ನಮ್ಮ ಮನೆಗೆ ಬಂದಳು. ನಮ್ಮವರು ಅವಳನ್ನು ಕುರ್ಚಿಯಲ್ಲಿ ಕೂಡಿಸಿ ನಿಂತುಕೊಂಡೇ ವರದಿ ಒಪ್ಪಿಸಿದರು.

“ನೋಡವಾ, ಇದಕ್ಕ ಸ್ವಂತ ಬಾಯಿ ಇಲ್ಲ. ಕಾಲಿಲ್ಲ. ಹೊರಲಿಕ್ಕೆ ಇಬ್ಬರು ಬೇಕು. ಗುರುವಾರ ಏಳೂದಿಲ್ಲ. ಕೆಳಗಿನ ಮನಿಯವರಿಗೆ ತಲಿನೋವು. ಪಟ್ಟಿ ಮೊದಲು ಭಾಳ ಬಿಗಿ ಅನಸ್ತಾವ.”

ಹುಡುಗಿಯ ಮುಖ ಸಣ್ಣದಾಯಿತು. “ಪರವಾಗಿಲ್ಲ ಅಂಕಲ್, ನಾನು ಟೆಂಪೋ ಹೇಳ್ತೇನೆ,” ಎಂದಳು.

“ತಡಿ. ಗುಣ ಹೇಳಿಲ್ಲ ಇನ್ನೂ.” ಅವರು ಎಡಗೈಯನ್ನು ನೆಟ್ಟಗೆ ಮೇಲಕ್ಕೆತ್ತಿದರು. “ಇದು ಅದರ ಗುಣ. ಅಂಗಡಿಯವಗೂ ಗೊತ್ತಿರಲಿಲ್ಲ.” ಕೈ ಕೆಳಗಿಳಿಸಿ, ಗಂಟಲು ಸರಿಪಡಿಸಿಕೊಂಡು, ತಮ್ಮ ಇಡೀ ನೌಕರಿಯಲ್ಲಿ ಜಿಪುಣತನದಿಂದ ಬಳಸಿದ್ದ ಮಾತನ್ನು ಹೇಳಿದರು: “ಪಾಸ್.”

ಪ್ರಣೀತಾಳಿಗೆ ಕೈಯ ವಿಷಯ ಅರ್ಥವಾಗಲಿಲ್ಲ, ಪಾಸ್ ಅರ್ಥವಾಯಿತು. ಅಷ್ಟರಲ್ಲಿ ಅವಧೂತ ಒಂದು ದಪ್ಪ ರಬ್ಬರ್ ಹಾಸನ್ನು ತಂದು ಮಣೆಗಳ ಕೆಳಗೆ ಹಾಸಿ ಹೋದ. ನಮ್ಮವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು.

“ನಿನಗ ಗೊತ್ತಿತ್ತೇನು, ಕೈ ಆಡತಿತ್ತಂತ?”

“ಪೇಟಿ ಬಾರಸೋರ ಹೆಂಡತಿಗೆ ಅಷ್ಟೂ ಗೊತ್ತಿರೂದಿಲ್ಲೇನ್ರಿ?”

“ಮತ್ತ ಹೇಳಲಿಲ್ಲ?”

“ಗಡಿಯಾರಕ್ಕ ಯಾರರ ಹೇಳ್ತಾರೇನು?”

ಅವರು ತಿರುಗಿ ನೋಡಿದರು. ಬಾಗಿಲಲ್ಲಿ ರಂಗೂಬಾಯಿ ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅದೇ ಸ್ಟೀಲಿನ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ತಂದಿದ್ದರು, ಬಿಸಿ ಇತ್ತು. ನಮ್ಮವರ ಕೈಗೆ, ಎಡಗೈಗೇ, ಕೊಟ್ಟರು. ಕೊಟ್ಟವರೇ ಮೆಟ್ಟಿಲು ಇಳಿದು ಹೋದರು.

ನಮ್ಮವರು ಮುಚ್ಚಳ ತೆಗೆದರು. ಜೋಳದ ಭಕ್ಕರಿ, ಕಡಲೆಹಿಟ್ಟಿನ ಝುಣಕ, ಮತ್ತು ನಡುವೆ, ಬಳ್ಳೊಳ್ಳಿ ಹಾಕಿ ಕುಟ್ಟಿದ ಹಸಿಮೆಣಸಿನಕಾಯಿಯ ಠೇಚಾ, ಕಣ್ಣಲ್ಲಿ ನೀರು ತರಿಸುವಷ್ಟು.